ಸಾಲಾಗಿ ಇಟ್ಟ ಕುರ್ಚಿಗಳು

ಮಾರ್ಚ್ 4, ಮಂಗಳವಾರ

ಗ್ರೂಪ್ ಥೆರಪಿ, ಮೂರನೇ ವಾರ. ಅದೇ ಕೋಣೆ, ದುಂಡಗೆ ಏಳು ಕುರ್ಚಿ. ಆಕ್ಸಿಡೆಂಟ್ ಆದಮೇಲೆ ಬಸ್ಸಿನ ಸ್ಟೀರಿಂಗ್ ಹಿಡಿದರೆ ಕಾಲು ನಡುಗುತ್ತದೆ. ಡಿಪೋ ಡಾಕ್ಟರ್ ಬರೆದುಕೊಟ್ಟರು ಅಂತ ಹೋಗುವುದು, ಅಷ್ಟೇ. ನರ್ಸಮ್ಮ ಅತ್ತರು. ರಿಟೈರ್ಡ್ ಮೇಷ್ಟ್ರು ಕೆಮ್ಮಿದರು. ನಾನು ನನ್ನ ಬೂಟು ನೋಡಿಕೊಂಡು ಕೂತೆ. ನಡೆಸಿಕೊಡುವ ಮೇಡಂ, "ಹೇಳ್ಬೇಕು ಅನ್ಸಿದಾಗ ಹೇಳಿ" ಎಂದರು. ಅನ್ನಿಸಲಿಲ್ಲ.

ಮನೆಯಲ್ಲಿ ಹೆಂಡತಿ, "ಇವತ್ತಾದ್ರೂ ಬಾಯಿ ಬಿಟ್ರಾ?"

"ಟೀ ಕುಡಿಯೋಕೆ ಬಿಟ್ಟೆ" ಅಂದೆ.

ಮಾರ್ಚ್ 11

ಕುರ್ಚಿ ಹಾಕುವ ಸರದಿ ವಾರಕ್ಕೊಬ್ಬರದು. ಇಂದು ನನ್ನದು. ಎಲ್ಲೋ ಜ್ಞಾನ — ಎರಡೆರಡಾಗಿ ಮೂರು ಸಾಲು ಇಟ್ಟು, ಮುಂದೆ ಒಂಟಿ ಕುರ್ಚಿ ಹಾಕಿ ಕೂತುಬಿಟ್ಟಿದ್ದೇನೆ. ಇಪ್ಪತ್ತೆರಡು ವರ್ಷದ ಅಭ್ಯಾಸ. ಹಿಂದೆ ಹೆಜ್ಜೆ ಸದ್ದಾದಾಗಲೇ ಎಚ್ಚರ. ಮುಖ ಎಲ್ಲಿ ಇಟ್ಟುಕೊಳ್ಳಲಿ ಅನ್ನಿಸಿತು.

ಸರಿಮಾಡಲು ಎದ್ದರೆ ಮೇಷ್ಟ್ರು, "ಇರ್ಲಿ ಬಿಡಿ ಡ್ರೈವರ್ ಸಾಹೇಬ್ರೇ, ನಂಗೆ ಕಿಟಕಿ ಪಕ್ಕ ಸಿಕ್ಕಿದೆ" ಎಂದು ಕೂತರು. ಎಲ್ಲರೂ ಕೂತರು. ಮೇಡಂ ಕೂಡ, ಕೊನೆಯ ಸೀಟಿನಲ್ಲಿ.

ಬೆನ್ನ ಹಿಂದೆ ಆರು ಜನ. ಎದುರಿಗೆ ಬರೀ ಗೋಡೆ. ಮಾತು ತಾನಾಗಿ ಬಂತು.

ಹೇಳಿದೆ — ನಾಯಿ ಅಡ್ಡ ಬಂತು, ಬ್ರೇಕ್ ಹಾಕಿದೆ ಅಂತ ವಿಚಾರಣೆಯಲ್ಲಿ ಹೇಳಿದ್ದು ಸುಳ್ಳು. ನಾಯಿ ಇರಲೇ ಇಲ್ಲ. ಎರಡು ನಿಮಿಷ ತಡವಾಗಿತ್ತು. ಹತ್ತಿದ ಅಜ್ಜಿ ಇನ್ನೂ ಕಂಬಿ ಹಿಡಿದಿರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ನೋಡಿಯೂ ಗಾಡಿ ಎತ್ತಿದೆ. ಅವರು ಬಿದ್ದು ಸೊಂಟ ಮುರಿಯಿತು. ಐದು ತಿಂಗಳು, ಹೆಂಡತಿಗೂ ಹೇಳಿಲ್ಲ.

"ನಿಮ್ಮ ತಪ್ಪೇನಿಲ್ಲ" ಎಂದು ಯಾರೂ ಅನ್ನಲಿಲ್ಲ. ಅಂದಿದ್ದರೆ ಎದ್ದು ಹೋಗುತ್ತಿದ್ದೆ. ನರ್ಸಮ್ಮ ಹಿಂದಿನಿಂದ ಮೆಲ್ಲಗೆ, "ನಾನೂ ಒಂದ್ಸಲ ಪೇಷಂಟ್ ಬೆಲ್ ಕೇಳಿಯೂ ಟೀ ಮುಗಿಸ್ಕೊಂಡು ಹೋದೆ. ಆ ಬೆಡ್ ಹತ್ರ ಹೋದ್ರೆ ಈಗ್ಲೂ ಎದೆ ಹೊಡ್ಕೊಳತ್ತೆ" ಎಂದರು. ಆಮೇಲೆ ಮೇಷ್ಟ್ರು. ಆಮೇಲೆ ಇನ್ನೊಬ್ಬರು.

ಅಳುಬುರುಕರು ಅಂದುಕೊಂಡಿದ್ದೆನಲ್ಲ ಇವರನ್ನು. ಎಂಥ ಗಟ್ಟಿ ಜನ. ನನ್ನ ಮಾತಿಗೆ ಜಾಗ ಆಗಲಿ ಅಂತ ತಮ್ಮ ಗಾಯ ಬಿಚ್ಚಿ ತೋರಿಸಿದರು.

ಏಪ್ರಿಲ್ 1

ಮನೆಯಲ್ಲಿ ಹೇಳಿದೆ. ಹೆಂಡತಿ ತರಕಾರಿ ಹೆಚ್ಚುವುದು ನಿಲ್ಲಿಸಿ, "ಇಷ್ಟು ದಿನ ಒಬ್ರೇ ಹೊತ್ಕೊಂಡಿದ್ರಾ?" ಅಂದಳು. ಬೈಯಲಿಲ್ಲ. ಡಿಪೋಗೂ ನಿಜ ಬರೆದುಕೊಟ್ಟೆ. ಕೆಲಸ ಏನಾಗುತ್ತದೋ... ಊಟ ಮಾತ್ರ ಸೇರುತ್ತಿದೆ.

ಅಜ್ಜಿಯನ್ನು ನೋಡಬೇಕು ಎಂದೆ ಗ್ರೂಪಿನಲ್ಲಿ. ಮೇಡಂ, "ಮೊದ್ಲು ಅವರನ್ನ ಕೇಳಿ. ಬೇಡ ಅಂದ್ರೆ ಬೇಡ." ಅಜ್ಜಿಯ ಮಗಳಿಗೆ ಫೋನ್ ಮಾಡಿದೆ. ಕೇಳಿ ಹೇಳುತ್ತಾರಂತೆ.

ಏಪ್ರಿಲ್ 20, ಭಾನುವಾರ, ಬೆಳಿಗ್ಗೆ 10.40

"ಬರ್ಲಿ" ಅಂದರಂತೆ ಅಜ್ಜಿ. ಅವರ ಹಾಲ್‌ನಲ್ಲಿದ್ದೇನೆ. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗೇಟಿನ ಹತ್ತಿರ ಮೇಷ್ಟ್ರು, ನರ್ಸಮ್ಮ. ಬೇಡ ಅಂದರೂ ಬಂದಿದ್ದಾರೆ, ಪುಣ್ಯಾತ್ಮರು.

ಮಗಳು, "ಅಮ್ಮ ನಡ್ಕೊಂಡೇ ಬರ್ತೀನಿ ಅಂತಿದಾರೆ. ಲೇಟಾಗತ್ತೆ, ಪರವಾಗಿಲ್ವಾ?"

ಪರವಾಗಿಲ್ಲ ಅಂದೆ.

ಪರದೆಯ ಆಚೆ ವಾಕರ್ ಸದ್ದು. ಟಕ್. ನಿಂತಿತು. ಟಕ್. ಎಷ್ಟು ಹೊತ್ತಾದರೂ ಆಗಲಿ. ಎದ್ದು ನಿಂತೇ ಬರೆಯುತ್ತಿದ್ದೇನೆ. ಪರದೆ ಸರಿಯಿ—