ನಾಲ್ಕನೇ ಮಹಡಿಯ ಅಗ್ಗದ ಕೋಣೆ

ತಂಗೀ,

ಚಳಿಗಾಲದಲ್ಲಿ ಒಂದು ದಿನ ಬೆಳಗ್ಗೆ ಆರಕ್ಕೆ ನಮ್ಮ ಅಭ್ಯಾಸ ಶುರುವಾಯಿತು. ಇಬ್ಬರೂ ಕಾಣದ ದೊಡ್ಡ ಪಟ್ಟಣ, ಎರಡು ದಿನ ನಡೆದೇ ನೋಡಬೇಕು, ಅಗ್ಗದ ಕೋಣೆ ಬೇರೆ ನಾಲ್ಕನೇ ಮಹಡಿಯಲ್ಲಿ ಎಂದು, ಚೀಲ ಹೊರಿಸಿ ನಿನ್ನನ್ನು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿಸಿದವಳು ನಾನೇ. ನೀನು ಬಿದ್ದದ್ದೂ ಅಲ್ಲೇ. ಇನ್ನು ಮೆಟ್ಟಿಲ ಮಾತೇ ಬೇಡ ಎಂದರು ಡಾಕ್ಟರು.

ಫ್ಲಾಸ್ಕಿನಲ್ಲಿ ಹಾಲಿದೆ. ಮಾತ್ರೆ ಊಟವಾದ ಮೇಲೆ. ಪಕ್ಕದ ಮನೆ ದರ್ಜಿಯ ಹೆಂಡತಿ ಬರುವವರೆಗೆ ಏಳಬೇಡ, ನಿನ್ನ ಶೂರತನ ಸಾಕು.

"ಎರಡು ಟಿಕೆಟ್ಟೂ ಯಾಕೆ ಹಾಳಾಗ್ಬೇಕು, ನೀನಾದ್ರೂ ನೋಡ್ಕೊಂಡು ಬಾರೇ ಅಕ್ಕ" ಅಂದೆ ನೀನು. ಅದಕ್ಕೇ ಹೋಗುತ್ತಿದ್ದೇನೆ. ನೋಡುವ ಆಸೆ ಉಳಿದಿಲ್ಲ. ನೀನು ಮಡಿಸಿಟ್ಟ ನಿನ್ನ ಬಟ್ಟೆಯನ್ನು ಚೀಲದಿಂದ ತೆಗೆಯಲು ಕೈ ಬರಲಿಲ್ಲ, ಹಾಗೇ ಹೊತ್ತುಕೊಂಡಿದ್ದೇನೆ.

ಶನಿವಾರ ಒಬ್ಬಳೇ ಹೊರಟವಳು,
ನಿನ್ನ ಅಕ್ಕ