ಗಾಯಗೊಂಡವರಿಗೆ ಪ್ರವೇಶವಿಲ್ಲ ಎಂದು ಫಲಕ ಹಾಕಿಸಿದವರಿಗೆ

ಮಾನ್ಯ ಕ್ರೀಡಾ ನಿರ್ದೇಶಕರೇ,

ಪೆಟ್ಟಾದ ಆಟಗಾರರನ್ನು ಮತ್ತೆ ಗಟ್ಟಿ ಮಾಡಲೆಂದೇ ಕಟ್ಟಿಸಿದ ಶಕ್ತಿ ತರಬೇತಿ ಕೊಠಡಿಯ ಬಾಗಿಲಿಗೆ ನೀವು "ಗಾಯಗೊಂಡವರಿಗೆ ಪ್ರವೇಶವಿಲ್ಲ. ಪೂರ್ಣ ಸಮರ್ಥರೆಂದು ವೈದ್ಯರ ಪ್ರಮಾಣಪತ್ರ ಇದ್ದವರಿಗೆ ಮಾತ್ರ" ಎಂಬ ಫಲಕ ಹಾಕಿಸಿದ್ದೀರಿ. ಅಕ್ಷರಗಳು ದುಂಡಗಿವೆ, ಬಣ್ಣವೂ ಚೆನ್ನಾಗಿದೆ. ನಾನು ಹೈಸ್ಕೂಲು ಮುಗಿಸಿದವಳು, ಓದಿ ಮೆಚ್ಚುವಷ್ಟು ವಿದ್ಯೆ ನನಗಿದೆ. ಅರ್ಥ ಮಾಡಿಕೊಳ್ಳಲು ಎಷ್ಟು ಓದಿರಬೇಕು ಎಂಬುದು ಮಾತ್ರ ತಿಳಿಯಲಿಲ್ಲ. ಕೇಳೋಣವೆಂದು ನಿಮ್ಮ ಕಚೇರಿಗೆ ಬಂದರೆ ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಇನ್ನೊಂದು ದಿನ ಬಂದೆ, ಅದೇ ಮೀಟಿಂಗು ನಡೆಯುತ್ತಿತ್ತು. ಹಾಗಾಗಿ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಮೀಟಿಂಗಿನಲ್ಲಿ ಪತ್ರಿಕೆಯನ್ನಂತೂ ಓದುತ್ತೀರಲ್ಲ.

ನಿಮ್ಮ ಈ ನಿಯಮವನ್ನು ಬೇರೆ ಕಡೆಗೂ ವಿಸ್ತರಿಸಬಹುದು ಎಂದು ನನಗೆ ತೋರುತ್ತದೆ. ಕ್ಷೌರದಂಗಡಿಗೆ ಕೂದಲು ಕತ್ತರಿಸಿಕೊಂಡು ಬಂದವರಿಗೆ ಮಾತ್ರ ಪ್ರವೇಶ. ಊಟದ ಹೋಟೆಲಿಗೆ ಹೊಟ್ಟೆ ತುಂಬಿದ ಗುರುತು ತೋರಿಸಬೇಕು. ಒಂದನೇ ತರಗತಿಗೆ ಅಕ್ಷರ ಬಲ್ಲ ಮಕ್ಕಳು ಮಾತ್ರ ಬರಲಿ, ಮೇಷ್ಟರಿಗೂ ಆರಾಮ. ಇಂಥದ್ದೊಂದು ನಿಯಮ ಯಾರ ತಲೆಗೆ ಹೊಳೆಯಿತು ಎಂದು ವಿಚಾರಿಸಿದೆ. ಕೊಠಡಿಯ ಉದ್ಘಾಟನೆಯ ದಿನ ಯಾರೋ ಗಣ್ಯರು ಫೋಟೋಗೆಂದು ಕಬ್ಬಿಣದ ತೂಕ ಎತ್ತಲು ಹೋಗಿ ತಮ್ಮ ಹೆಬ್ಬೆರಳ ಮೇಲೆಯೇ ಬೀಳಿಸಿಕೊಂಡರಂತೆ. ಅಂದಿನಿಂದ ಕೊಠಡಿಯಲ್ಲಿ ಯಾರಿಗೂ ನೋವಾಗಬಾರದು ಎಂದು ಇಲಾಖೆ ತೀರ್ಮಾನಿಸಿತಂತೆ. ನೋಯಿಸಿಕೊಂಡವರು ಗಣ್ಯರು, ಬಾಗಿಲು ಮುಚ್ಚಿದ್ದು ನನ್ನ ಮೊಮ್ಮಗಳಿಗೆ. ಇದು ಯಾವ ಲೆಕ್ಕ?

ಮೊಮ್ಮಗಳ ವಿಷಯ ಹೇಳುತ್ತೇನೆ, ಸ್ವಲ್ಪ ತಾಳ್ಮೆ ಇರಲಿ. ಅವಳು ನನ್ನ ಹಿರಿಯ ಮಗನ ಮಗಳು, ವಾಲಿಬಾಲ್ ಆಡುತ್ತಾಳೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳೆಲ್ಲ ಎತ್ತರ, ಅವಳು ಇನ್ನೂ ಎತ್ತರ. ಬಾಗಿಲು ದಾಟುವಾಗ ತಲೆ ತಗ್ಗಿಸುತ್ತಾಳೆ, ನನ್ನ ಎದುರು ಮಾತ್ರ ತಗ್ಗಿಸುವುದಿಲ್ಲ. ಕಳೆದ ವರ್ಷ ಒಂದು ಪಂದ್ಯದಲ್ಲಿ ಹಾರಿ ಚೆಂಡು ಹೊಡೆದಳು. ಪಾಯಿಂಟು ಬಂತು, ಅವಳು ಕೆಳಗೆ ಬರುವಾಗ ಮಂಡಿ ಒಳಕ್ಕೆ ಮಡಚಿಕೊಂಡಿತು. ಮಂಡಿಯೊಳಗಿನ ಲಿಗಮೆಂಟು ಹರಿದಿತ್ತು. ಆಪರೇಷನ್ ಆಯಿತು. ಮನೆಗೆ ಕರೆತಂದ ಮೇಲೆ ನಾನು ಅವಳನ್ನು ಕಿಟಕಿ ಪಕ್ಕದ ಮಂಚದಲ್ಲಿ ಮಲಗಿಸಿ, ಕಾಲ ಕೆಳಗೆ ದಿಂಬು ಕೊಟ್ಟು, ಯಾರೂ ಅವಳನ್ನು ಏಳಿಸಕೂಡದು ಎಂದು ಆಜ್ಞೆ ಮಾಡಿದೆ. ನನ್ನ ಆಜ್ಞೆ ಮೀರುವ ಧೈರ್ಯ ನಮ್ಮ ಮನೆಯವರಿಗೇ ಇಲ್ಲ, ಇನ್ನು ಮಕ್ಕಳು ಸೊಸೆಯಂದಿರ ಮಾತೇನು.

ಹಾಗಿರುವಾಗ ಆಪರೇಷನ್ನಿನ ಸುದ್ದಿ ಕೇಳಿ ನಿಮ್ಮ ಇಲಾಖೆಯ ಶಕ್ತಿ ತರಬೇತುದಾರಳು ಮನೆಗೆ ಬಂದಳು. ಅಷ್ಟೇನೂ ವಯಸ್ಸಿಲ್ಲ, ತೋಳು ನೋಡಿದರೆ ನೀರಿನ ಡ್ರಮ್ಮನ್ನು ಒಬ್ಬಳೇ ಎತ್ತಿಡುವಂತಿದ್ದಳು. ಆಟದ ಹುಡುಗಿಯರೆಲ್ಲ ಅವಳನ್ನು ಬ್ರೇಕ್ ಮೇಡಂ ಎನ್ನುತ್ತಾರೆ. ಯಾರು ಏನು ಮಾಡ ಹೊರಟರೂ ನಿಧಾನ, ನಿಧಾನ ಎನ್ನುವುದು ಅವಳ ಅಭ್ಯಾಸವಂತೆ. ನನ್ನ ಮನೆಯಲ್ಲಿ ಮಾತ್ರ ಬ್ರೇಕೇ ಇರಲಿಲ್ಲ. ಬಂದವಳೇ ದಿಂಬು ತೆಗೆದು ಪಕ್ಕಕ್ಕಿಟ್ಟಳು.

"ಅಜ್ಜಿ, ಇವಳನ್ನ ಇವತ್ತೇ ಎಬ್ಬಿಸ್ಬೇಕು. ಮಲಗಿಸಿದಷ್ಟೂ ಕಾಲು ಸೊರಗುತ್ತೆ."

"ಎಷ್ಟು ಜನ ಮಕ್ಕಳನ್ನ ಸಾಕಿದೀಯಮ್ಮ ನೀನು?"

"ಒಂದೂ ಇಲ್ಲ ಅಜ್ಜಿ. ಬೇರೆಯವರು ಸಾಕಿದ ಮಕ್ಕಳು ಬಿದ್ದಾಗ ಎಬ್ಬಿಸೋದು ನನ್ನ ಕೆಲಸ."

ನನಗೆ ಎದುರುತ್ತರ ಕೊಟ್ಟವರು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಒಳಗಿಂದ ಹಿರಿಸೊಸೆ ಕೆಮ್ಮಿದಳು. ಅದು ಕೆಮ್ಮಲ್ಲ, ನಗು ಎಂದು ನನಗೆ ಗೊತ್ತು. ನಾನು ಹೊರಗೆ ಕಳಿಸಿಯೇ ಬಿಡುತ್ತಿದ್ದೆ. ಅಷ್ಟರಲ್ಲಿ ಅವಳು ಹೊಲಿಗೆ ಯಂತ್ರದ ಮೇಲಿದ್ದ ನನ್ನ ಟೇಪು ತೆಗೆದು ನನ್ನ ಕೈಗೇ ಕೊಟ್ಟು, ಎರಡೂ ತೊಡೆ ಅಳೆದು ನೋಡಿ ಎಂದಳು. ಈ ಬೀದಿಯ ಅರ್ಧ ಜನಕ್ಕೆ ಬಟ್ಟೆ ಹೊಲಿದುಕೊಟ್ಟವಳು ನಾನು. ಒಳ್ಳೆಯ ಕಾಲಿನ ತೊಡೆ ಅಳೆದೆ, ಆಪರೇಷನ್ ಆದ ಕಾಲಿನದು ಅಳೆದೆ. ಟೇಪು ಜಾರಿತೇನೋ ಎಂದು ಮತ್ತೊಮ್ಮೆ ಅಳೆದೆ. ಒಬ್ಬಳೇ ಹುಡುಗಿಗೆ ಎರಡು ಅಳತೆಯ ಪ್ಯಾಂಟು ಹೊಲಿಯಬೇಕಾದಷ್ಟು ವ್ಯತ್ಯಾಸವಿತ್ತು. ಟೇಪು ಮಡಿಸಿಟ್ಟು, ಕುಡಿಯೋಕೆ ಏನು ಕೊಡಲಿ ಎಂದು ತರಬೇತುದಾರಳನ್ನು ಕೇಳಿದೆ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇಲ್ಲ.

ಈಗ ನೀವು ಹೇಳಿ. ನಿಮ್ಮ ಇಲಾಖೆಯ ಕಣ್ಣಿಗೆ ಆಟಗಾರರು ಎರಡೇ ಬಗೆ, ಆಡುವವರು ಮತ್ತು ಮಲಗಿರುವವರು. ಮಲಗಿದವಳು ಮತ್ತೆ ಆಡುವವಳಾಗಲು ನಡುವೆ ಒಂದು ದಾರಿ ಇದೆ, ಅದರಲ್ಲಿ ದಿನದಿನವೂ ನಡೆಯಬೇಕು, ನಡೆಸುವವರು ಬೇಕು ಎಂಬುದು ನಿಮ್ಮ ಫಲಕಕ್ಕೆ ಗೊತ್ತಿಲ್ಲ. ಡಾಕ್ಟರು ಹೊಲಿಗೆ ಬಿಚ್ಚಿ ಕೈ ತೊಳೆದುಕೊಂಡರು. ತಂಡದ ಕೋಚು ಯಾವಾಗ ಬರ್ತೀಯ ಎಂದು ಫೋನು ಮಾಡುತ್ತಾರೆ. ಆ ನಡುವಿನ ತಿಂಗಳುಗಳಿಗೆ ಯಜಮಾನರು ಯಾರು? ಅದಕ್ಕೆಂದೇ ನೀವು ಸಂಬಳ ಕೊಟ್ಟು ಇಟ್ಟುಕೊಂಡಿರುವ ಹೆಂಗಸು ಖಾಲಿ ಕೊಠಡಿಯಲ್ಲಿ ಕೂತಿದ್ದಳು. ಪೆಟ್ಟಾದವರನ್ನು ಬಾಗಿಲು ಬಿಡುತ್ತಿರಲಿಲ್ಲ, ಪೆಟ್ಟಾಗದವರಿಗೆ ಅವಳು ಬೇಕಿರಲಿಲ್ಲ.

ಕೂತು ಸಾಕಾಗಿ ಅವಳು ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ನಮ್ಮ ಮನೆಗೆ ಬರತೊಡಗಿದಳು. ನಡುಮನೆಯ ಕುರ್ಚಿಗಳೆಲ್ಲ ಗೋಡೆಗೆ ಸರಿದವು. ಕಿಟಕಿ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿದರು. ನೀರು ತುಂಬಿದ ಬಕೆಟ್ಟು ಎತ್ತುವ ತೂಕವಾಯಿತು. ಯಾವ ವ್ಯಾಯಾಮ ಎಷ್ಟು ಹೊತ್ತು ಎಂದು ಗಡಿಯಾರ ನೋಡಿ ಹೇಳುವ ಕೆಲಸ ನಮ್ಮ ಮನೆಯವರದ್ದು. ನಿವೃತ್ತರಾದ ಮೇಲೆ ಅವರಿಗೆ ಸಿಕ್ಕ ಮೊದಲ ಹುದ್ದೆ, ಬಹಳ ಠೀವಿಯಿಂದ ವಹಿಸಿಕೊಂಡರು. ಒಂದು ಬೆಳಗ್ಗೆ ಮೊಮ್ಮಗಳು ಗೋಡೆಗೆ ಬೆನ್ನು ಕೊಟ್ಟು, ಇಲ್ಲದ ಕುರ್ಚಿಯ ಮೇಲೆ ಕೂತಂತೆ ಮಂಡಿ ಬಗ್ಗಿಸಿ ನಿಂತಿದ್ದಳು. ಹೊತ್ತು ನೋಡಬೇಕಾದ ತಾತ ಇದ್ದ ಕುರ್ಚಿಯ ಮೇಲೆ ನಿದ್ದೆ ಹೋದರು. ಹುಡುಗಿ ತಾತ ಹೇಳುವವರೆಗೆ ಏಳಬಾರದು ಎಂದುಕೊಂಡು ಗಡಗಡ ನಡುಗುತ್ತ ನಿಂತೇ ಇದ್ದಳು. ಅಡುಗೆಮನೆಯಲ್ಲಿ ನನ್ನ ಹತ್ತಿರ ಮಾತಾಡುತ್ತಿದ್ದ ಬ್ರೇಕ್ ಮೇಡಂ ಓಡಿ ಬಂದು ಅವಳನ್ನು ಕೂರಿಸಿದಳು. ಆಮೇಲೆ ತಾತನ ಹುದ್ದೆಗೆ ನನ್ನನ್ನು ನೇಮಿಸಲಾಯಿತು. ನನ್ನ ಕೈಕೆಳಗೆ ಯಾರೂ ನಿದ್ದೆ ಮಾಡಿಲ್ಲ.

ಇಷ್ಟರಲ್ಲಿ ಯಾರೋ ಪುಣ್ಯಾತ್ಮರು ನಿಮಗೆ ದೂರು ಕೊಟ್ಟರು, ನಮ್ಮ ಮನೆಯಲ್ಲಿ ಅನಧಿಕೃತ ವ್ಯಾಯಾಮಶಾಲೆ ನಡೆಯುತ್ತಿದೆ ಎಂದು. ನೀವು ತಡಮಾಡದೆ ಒಬ್ಬ ಮೇಲ್ವಿಚಾರಕರನ್ನು ಕಳಿಸಿದಿರಿ. ಪೆಟ್ಟಾದವಳಿಗೆ ಸಿಗದ ನಿಮ್ಮ ಗಮನ ಬಕೆಟ್ಟಿಗೆ ಸಿಕ್ಕಿತು, ಸಂತೋಷ. ಅವರು ಬಂದಾಗ ಮೊಮ್ಮಗಳು ಆಪರೇಷನ್ ಆದ ಕಾಲೊಂದರ ಮೇಲೆ ನಿಂತಿದ್ದಳು. ತರಬೇತುದಾರಳು ಅವಳ ಮಂಡಿಯನ್ನೇ ನೋಡುತ್ತಿದ್ದಳು, ನಾನು ಗಡಿಯಾರವನ್ನು. ಮೇಲ್ವಿಚಾರಕರು ಸುತ್ತ ನೋಡಿ, ಯಂತ್ರಗಳೆಲ್ಲಿ ಎಂದು ಕೇಳಿದರು. ನನ್ನ ಹೊಲಿಗೆ ಯಂತ್ರ ತೋರಿಸಿದೆ. ಅವರಿಗೆ ನಗು ಬರಲಿಲ್ಲ.

"ಇದೇನಮ್ಮ ತರಬೇತಿ? ಸುಮ್ಮನೆ ನಿಂತಿದ್ದಾಳಲ್ಲ."

"ಹೌದು ಸ್ವಾಮಿ, ಸುಮ್ಮನೆ. ನೀವೂ ಒಂಚೂರು ಹಾಗೇ ನಿಲ್ಲಿ ನೋಡೋಣ. ಚಪ್ಪಲಿ ಬಿಚ್ಚಿ ನಿಲ್ಲಿ."

ನಾನು ಹೇಳಿದರೆ ಜನ ಮಾಡುತ್ತಾರೆ, ಅದು ನನ್ನ ದನಿಯ ಗುಣ. ಅವರು ಚಪ್ಪಲಿ ಬಿಚ್ಚಿ, ಕೈಯಲ್ಲಿದ್ದ ಫೈಲನ್ನು ಎದೆಗವಚಿಕೊಂಡು ಒಂದು ಕಾಲೆತ್ತಿದರು. ಮೊದಲು ಮುಗುಳ್ನಕ್ಕರು. ನಗು ಹೋಯಿತು. ಆಮೇಲೆ ಫೈಲು ಹೋಯಿತು. ಕೊನೆಗೆ ಕಿಟಕಿಯ ಪರದೆ ಹಿಡಿದರು, ಪರದೆ ಕಟ್ಟಿದ್ದ ಸರಳು ಕಳಚಿ ಅವರ ಹೆಗಲಿಗೆ ಬಂತು. ಬ್ರೇಕ್ ಮೇಡಂ ಅವರನ್ನು ಸೊಂಟಕ್ಕೆ ಕೈಕೊಟ್ಟು ಹಿಡಿಯದಿದ್ದರೆ ಇಲಾಖೆಗೆ ಇನ್ನೊಬ್ಬ ಗಾಯಾಳು ದೊರೆಯುತ್ತಿದ್ದರು. ಮೊಮ್ಮಗಳು ಮಾತ್ರ ಅಷ್ಟು ಹೊತ್ತೂ ಒಂದೇ ಕಾಲಲ್ಲಿ ನಿಂತಿದ್ದಳು. ಪರದೆ ಬಿದ್ದರೂ ಅಲುಗಾಡಲಿಲ್ಲ. ನಾನು ಹೊಗಳುವವಳಲ್ಲ, ಆದರೆ ಅಂದು ಅವಳನ್ನು ಕಣ್ತುಂಬ ನೋಡಿದೆ.

ತಮಾಷೆ ಅಷ್ಟಕ್ಕೇ ಮುಗಿಯಲಿಲ್ಲ. ತನ್ನ ಮೇಲೆ ವರದಿ ಬರೆಯಲು ಬಂದವರನ್ನು ತರಬೇತುದಾರಳು ಕುರ್ಚಿಯಲ್ಲಿ ಕೂರಿಸಿ, ಸರ್, ಬಲಮಂಡಿ ಯಾವಾಗಿಂದ ಹೀಗಿದೆ ಎಂದು ಕೇಳಿದಳು. ಅವರು ತಗ್ಗಿದ ದನಿಯಲ್ಲಿ, ಮೆಟ್ಟಿಲು ಇಳಿಯುವಾಗ ಹಿಡಿಯುತ್ತದೆ, ಮನೆಯಲ್ಲಿ ಹೇಳಿಲ್ಲ ಎಂದರು. ಅವಳು ಎರಡು ವ್ಯಾಯಾಮ ತೋರಿಸಿಕೊಟ್ಟಳು. ಅವರು ಚಹಾ ಕುಡಿದರು, ಪರದೆಯನ್ನು ತಾವೇ ಕಟ್ಟಿಕೊಟ್ಟು ಹೋದರು. ಹೋಗಿ, ಖಾಸಗಿ ಮನೆಯಲ್ಲಿ ಅನುಮತಿಯಿಲ್ಲದೆ ತರಬೇತಿ ನಡೆದಿರುವುದು ಕಂಡುಬಂದಿದೆ ಎಂದು ವರದಿ ಬರೆದರು. ಕಂಡದ್ದನ್ನು ಬರೆದಿದ್ದಾರೆ, ನಾನು ಅವರನ್ನು ದೂರುವುದಿಲ್ಲ. ಅವರು ಈಗ ಮೇಜಿನ ಪಕ್ಕ ಒಂಟಿಗಾಲಲ್ಲಿ ನಿಂತು ಫೈಲು ನೋಡುತ್ತಾರಂತೆ. ಆ ವರದಿ ಓದಿ ನೀವು ತರಬೇತುದಾರಳನ್ನು ಈಜುಕೊಳದ ಟಿಕೆಟ್ ಕೌಂಟರಿಗೆ ಹಾಕಿದಿರಿ. ಬೆಳಗ್ಗೆಯೂ ಎಲ್ಲಿಗೂ ಹೋಗಕೂಡದು ಎಂದು ಬಾಯಿಮಾತಿನ ತಾಕೀತು ಬೇರೆ. ಮಂಡಿ ಎತ್ತ ಬಾಗುತ್ತದೆ ಎಂದು ನೋಡಲು ವರ್ಷಗಟ್ಟಲೆ ಕಲಿತ ಕಣ್ಣು ಈಗ ಚಿಲ್ಲರೆ ನೋಡುತ್ತಿದೆ.

ಇನ್ನು ನಾನು ಚೇಷ್ಟೆ ಬಿಟ್ಟು ಒಂದು ಮಾತು ಹೇಳಬೇಕು. ಮೊಮ್ಮಗಳ ಚೇತರಿಕೆಯಲ್ಲಿ ಇನ್ನು ಉಳಿದಿರುವುದು ಒಂದೇ ಹಂತ, ಎತ್ತರದಿಂದ ಕೆಳಗೆ ಹಾರಿ ಇಳಿಯುವುದನ್ನು ಕಲಿಯುವುದು. ಆಪರೇಷನ್ ಆದ ಕಾಲು ಹಾರುವುದನ್ನು ಬೇಗ ನೆನಪಿಸಿಕೊಳ್ಳುತ್ತದಂತೆ, ಇಳಿಯುವುದನ್ನು ಹೊಸದಾಗಿ ಹೇಳಿಕೊಡಬೇಕಂತೆ. ಇಳಿಯುವ ಪ್ರತಿ ಸಲವೂ ಬಲ್ಲವರೊಬ್ಬರು ಎದುರಿಗೆ ನಿಂತು ಮಂಡಿ ನೋಡಬೇಕು. ಗಡಿಯಾರವಾದರೆ ನಾನು ನೋಡುತ್ತೇನೆ, ಮಂಡಿ ನೋಡಲು ನನಗೆ ಬರುವುದಿಲ್ಲ. ತಂಡದ ಆಯ್ಕೆ ಹತ್ತಿರ ಬಂದಿದೆ. ಕೋಚು ಅವಳಿಗೆ, ಆಪರೇಷನ್ ಆಗಿ ಇಷ್ಟು ದಿನ ಆಯ್ತಲ್ಲ, ಯಾವ ಡಾಕ್ಟರಾದರೂ ಸಮರ್ಥಳು ಅಂತ ಬರೆದುಕೊಡ್ತಾರೆ, ತಗೊಂಡು ಬಾ ಎಂದಿದ್ದಾರೆ. ಮಂಡಿಗೆ ಪೆಟ್ಟಾಗಿದ್ದ ಅವಳ ತಂಡದವಳೇ ಒಬ್ಬಳು ಹಾಗೆ ಬರೆಸಿಕೊಂಡು ಹೋಗಿ, ಎರಡನೇ ಪಂದ್ಯದಲ್ಲಿ ಅದೇ ಮಂಡಿ ಹಿಡಿದು ಅಂಕಣದಲ್ಲಿ ಕೂತಳು. ಈಗ ಅವಳು ಪಂದ್ಯಗಳನ್ನು ಟಿವಿಯಲ್ಲೂ ನೋಡುವುದಿಲ್ಲವಂತೆ.

ಮೊನ್ನೆ ನಾನು ಗುಂಡಿ ಹಚ್ಚುತ್ತ ಕೂತಿದ್ದಾಗ ಮೊಮ್ಮಗಳು ಬಂದು ಪಕ್ಕದಲ್ಲಿ ಕೂತಳು. ಸೂಜಿಗೆ ದಾರ ಪೋಣಿಸಿಕೊಟ್ಟಳು. ಕೇಳದೆ ಕೆಲಸ ಮಾಡಿಕೊಟ್ಟಳೆಂದರೆ ಏನೋ ಇದೆ ಎಂದೇ ಅರ್ಥ.

"ಅಜ್ಜಿ, ಸರ್ಟಿಫಿಕೇಟ್ ಮಾಡಿಸ್ಕೊಂಡು ಆಡಿಬಿಡ್ಲಾ?"

"ನಿನ್ನ ಮಂಡಿಗೆ ಅದನ್ನ ಓದೋಕೆ ಬರುತ್ತಾ?"

ಅವಳು ನಗಲಿಲ್ಲ. ದಾರದ ಉಂಡೆ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದಳು.

"ಹಾರೋಕೆ ಭಯ ಇಲ್ಲ ಅಜ್ಜಿ. ಮೇಲೆ ಹೋದ್ಮೇಲೆ ಕೆಳಗೆ ಬರ್ಬೇಕಲ್ಲ, ಅದು ಭಯ."

ಭಯ ಎಂಬ ಮಾತು ಆ ಹುಡುಗಿಯ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆಪರೇಷನ್ನಿಗೆ ಒಳಗೆ ಕರೆದೊಯ್ಯುವಾಗಲೂ ನನಗೇ ಧೈರ್ಯ ಹೇಳಿ ಹೋದವಳು ಅವಳು. ನಾನು ಗುಂಡಿಯನ್ನು ತಪ್ಪು ಕಡೆಗೆ ಹಚ್ಚಿದೆ. ನಿರ್ದೇಶಕರೇ, ಈ ಭಯಕ್ಕೆ ನಿಮ್ಮಲ್ಲಿ ಔಷಧ ಇದೆ. ಅದಕ್ಕೆ ಬೇಕಾದ ಹಲಗೆ, ಮೆತ್ತೆ, ತೂಕ ಎಲ್ಲವೂ ಬೀಗ ಹಾಕಿದ ಕೊಠಡಿಯಲ್ಲಿ ದೂಳು ತಿನ್ನುತ್ತಿವೆ. ಕೊಡಬೇಕಾದವಳು ಕೌಂಟರಿನ ಕಿಂಡಿಯಲ್ಲಿ ಟಿಕೆಟು ಹರಿಯುತ್ತಿದ್ದಾಳೆ. ನೀವು ಹೊಸದಾಗಿ ಏನನ್ನೂ ಕಟ್ಟಿಸಬೇಕಾಗಿಲ್ಲ, ಗಣ್ಯರನ್ನು ಕರೆಸಬೇಕಾಗಿಲ್ಲ. ಕರೆಸಿದರೂ ತೂಕ ದೂರ ಇಟ್ಟರೆ ಸಾಕು.

ಆದ್ದರಿಂದ ನನ್ನ ಬೇಡಿಕೆ ಇದು, ಬಿನ್ನಹ ಎಂದು ಓದಬೇಡಿ. ಆ ಫಲಕ ಇಳಿಸಿ. ತರಬೇತುದಾರಳನ್ನು ಅವಳ ಕೊಠಡಿಗೆ ಕಳಿಸಿ. ಪೆಟ್ಟಾದವರು ಒಳಗೆ ಬರಲಿ, ಯಾರು ಯಾವಾಗ ಆಡಬಹುದು ಎಂಬುದನ್ನು ಅವರ ಕಾಲು ನೋಡಿ ಅವಳು ಹೇಳಲಿ, ದಿನ ಎಣಿಸಿ ಬೇರೆಯವರು ಹೇಳುವುದು ಬೇಡ. ಇದಕ್ಕೆ ಸಮಿತಿ ಗಿಮಿತಿ ಎಂದು ಮಾಡಬೇಡಿ. ಒಂದು ಸ್ಕ್ರೂಡ್ರೈವರು ಸಾಕು, ಇಲ್ಲದಿದ್ದರೆ ನಮ್ಮ ಮನೆಯದು ತರುತ್ತೇನೆ.

ಅಲ್ಲಿಯವರೆಗೆ ನಾವೇನು ಮಾಡುತ್ತೇವೆ ಎಂಬುದನ್ನೂ ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ. ನಿಮ್ಮನ್ನು ಕಾಣಲು ಬಂದು ಹೊರಗೆ ಕಾದಿದ್ದಾಗ ನಿಮ್ಮ ಕಚೇರಿಯ ಮುಂದಿನ ಮೆಟ್ಟಿಲುಗಳನ್ನು ನನ್ನ ಟೇಪಿನಲ್ಲಿ ಅಳೆದುಕೊಂಡು ಬಂದಿದ್ದೆ. ತರಬೇತುದಾರಳ ಕೌಂಟರಿಗೆ ಹೋಗಿ, ಟಿಕೆಟು ತೆಗೆದುಕೊಂಡೇ ಮಾತಾಡಿಸಿ, ಆ ಅಳತೆ ಹೇಳಿದೆ. ಮೊದಲ ವಾರಕ್ಕೆ ಕೆಳಗಿನ ಮೆಟ್ಟಿಲು, ಆಮೇಲೆ ಅದರ ಮೇಲಿನದು, ಸರಿಯಾಗಿದೆ ಎಂದಳು. ಈಜುಕೊಳಕ್ಕೆ ವಾರಕ್ಕೊಂದು ರಜೆ ಇದೆ, ಅಂದು ನಿಮ್ಮ ಕಚೇರಿ ತೆರೆದೇ ಇರುತ್ತದೆ. ರಜೆಯ ದಿನ ಅವಳು ಸರ್ಕಾರದ ನೌಕರಳಲ್ಲ, ನನ್ನ ಅತಿಥಿ. ಆ ಮೆಟ್ಟಿಲುಗಳ ಮೇಲೆ ಗಾಯಗೊಂಡವರು ಕಾಲಿಡಬಾರದು ಎಂಬ ಫಲಕ ನನಗೆ ಕಾಣಲಿಲ್ಲ. ಹಾಗಾಗಿ ಬರುವ ರಜೆಯ ದಿನ ಬೆಳಗ್ಗೆಯಿಂದ ಮೊಮ್ಮಗಳು ಅಲ್ಲಿ ಇಳಿಯುವುದನ್ನು ಕಲಿಯುತ್ತಾಳೆ. ತರಬೇತುದಾರಳು ಎದುರು ನಿಂತು ಮಂಡಿ ನೋಡುತ್ತಾಳೆ. ನಾನು ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಕುರ್ಚಿ ನಮ್ಮದೇ.

ನೀವು ಬರುವಾಗ ಕಾರನ್ನು ಸ್ವಲ್ಪ ದೂರದಲ್ಲೇ ನಿಲ್ಲಿಸಿ, ದಯವಿಟ್ಟು ಹಾರ್ನ್ ಹೊಡೆಸಬೇಡಿ. ಹುಡುಗಿ ಇಳಿಯುತ್ತಿರುತ್ತಾಳೆ.

ಇಂತಿ,
ಎರಡೂ ಮಂಡಿ ನೋಯುವುದರಿಂದ ನಿಮ್ಮ ಫಲಕದ ಪ್ರಕಾರ ಎಲ್ಲಿಗೂ ಪ್ರವೇಶವಿಲ್ಲದ,
ಆದರೂ ಬಂದೇ ಬರುವ
ಒಬ್ಬ ಅಜ್ಜಿ