ಬಾಯಿಬಿಟ್ಟು ಹೇಳಿದ ಒಪ್ಪಿಗೆ

ಕಾಪು
೮-೩-೧೯೮೨

ಪ್ರೀತಿಯ ಜಮಾಲ್‌ಗೆ ಅಬ್ಬಾಸ್ ಮಾವನ ಸಲಾಂ.

ನಾವೆಲ್ಲ ಕ್ಷೇಮ. ದುಬೈಯಿಂದ ನೀನು ಬರೆದ ಕಾಗದ ಕೈಸೇರಿ ಮೂರು ವಾರವಾಯಿತು. ಉತ್ತರ ತಡವಾದದ್ದು ಪುರುಸೊತ್ತಿಲ್ಲದೆ ಅಲ್ಲ, ಧೈರ್ಯವಿಲ್ಲದೆ. ಹರಿದು ಬಿಸಾಡಬೇಡ, ಪೂರ್ತಿ ಓದು.

"ಅರುವತ್ತೊಂದರ ಉಮ್ಮನಿಗೆ ಮದುವೆಯೆಂದರೆ ಜನ ನಗುತ್ತಾರೆ. ನೀವು ಅವಳ ವಲಿ. ನೀವು ಕೊಡದಿದ್ದರೆ ನಿಕಾಹ್ ಆಗುವುದಿಲ್ಲ, ಇಲ್ಲ ಎಂದುಬಿಡಿ" ಎಂದು ನೀನು ಬರೆದಿದ್ದೆ. ನಿಜ, ತಂದೆಯಿಲ್ಲದ ಹೆಣ್ಣನ್ನು ಕೊಡಬೇಕಾದವನು ಅಣ್ಣನೇ. ಆ ಜಂಬದಲ್ಲಿ ಮೊದಲು ನಾನೂ ಹಾರಾಡಿದೆ. ವರ ಯಾರು? ಕಾರ್ಕಳದ ಬಟ್ಟೆ ಅಂಗಡಿಯ ಬೀರಾನ್ ಸಾಹೇಬರು. ಮಣಿಪಾಲಕ್ಕೆ ಕಣ್ಣಿನ ಆಪರೇಶನ್‌ಗೆ ಹೋದಲ್ಲಿ ಪರಿಚಯವಂತೆ! ಇವಳ ಎಡಗಣ್ಣಿಗೆ ಪಟ್ಟಿ, ಅವರ ಬಲಗಣ್ಣಿಗೆ.

"ಅರ್ಧ ಕಣ್ಣಲ್ಲಿ ನೋಡಿ ಒಪ್ಪಿದ್ದಾ ಮಾರಾಯ್ತಿ?" ಎಂದೆ.

ನಿನ್ನ ಉಮ್ಮ, ನನ್ನ ತಂಗಿ ಆಸ್ಯಾ, ಮೀನು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ. "ಪಟ್ಟಿ ಬಿಚ್ಚಿದ ಮೇಲೆಯೂ ನೋಡಿದ್ದೇನೆ."

"ಜಮಾಲ್‌ನ ಹತ್ರ ಕೇಳುವುದು ಬೇಡವಾ?"

"ತಿಳಿಸಿದ್ದೇನಲ್ಲ, ಕೇಳುವುದು ಎಂತಕ್ಕೆ? ಅವನ ಮದುವೆಗೆ ಅವನು ನನ್ನ ಹತ್ರ ಕೇಳಿದ್ದು ಬಿರಿಯಾನಿ ಎಷ್ಟು ಜನಕ್ಕೆ ಅಂತ ಮಾತ್ರ." ಆಮೇಲೆ ಮೆಲ್ಲಗೆ, "ನನ್ನ ಮದುವೆಯ ವಿಷಯ ನನ್ನ ಹತ್ರವೇ ಕೇಳಿದ್ದು ಬೀರಾನ್ ಒಬ್ಬರು" ಎಂದಳು. ನಾನು ಎದ್ದು ದಿನ ಗೊತ್ತುಮಾಡಲು ಮಸೀದಿಯ ಖತೀಬರಲ್ಲಿಗೆ ಹೊರಟೆ.

ನಿನ್ನ ಹೆಂಡತಿ ಸಾರಮ್ಮನ ಮೇಲೆ ರೇಗಬೇಡ. ಅತ್ತೆಗೆ ಸೀರೆ ಆರಿಸಲು ಉಡುಪಿಗೆ ಹೋದವಳು ಅವಳೇ.

ಮೊನ್ನೆ ಶುಕ್ರವಾರ ನಿಕಾಹ್ ಆಯಿತು. ನಾನೇ ಕೊಟ್ಟೆ. ಖತೀಬರು ಪರದೆಯ ಈಚೆ ನಿಂತು ಒಪ್ಪಿಗೆ ಕೇಳಿದರು. ಆಸ್ಯಾ ಒಂದು ಕ್ಷಣ ತಡೆದಳು. "ನಾಚಿಕೆ ಅವಳಿಗೆ, ಒಪ್ಪಿಗೆ ಅಂತಲೇ ತಿಳ್ಕೊಳ್ಳಿ" ಎಂದರು ಹೆಂಗಸರು. ಖತೀಬರು ಬಿಡಲಿಲ್ಲ. "ಮೊದಲ ಮದುವೆಯ ಹುಡುಗಿ ಸುಮ್ಮನಿದ್ದರೆ ಸಾಕು. ವಿಧವೆ ಬಾಯಿಬಿಟ್ಟೇ ಹೇಳಬೇಕು."

"ಒಪ್ಪಿಗೆ ಉಂಟು" ಎಂದಳು. ಅಂಗಳದವರಿಗೂ ಕೇಳಿಸಿತು. "ಕೇಳಿತಲ್ವಾ? ಬೇಕಾದರೆ ಇನ್ನೊಮ್ಮೆ ಹೇಳ್ತೇನೆ!"

ಅವಳ ಅಣ್ಣನೆಂದು ನನಗೆ ಅಷ್ಟು ಹೆಮ್ಮೆ ಎಂದೂ ಆದದ್ದಿಲ್ಲ. ಈಗ ಕಾರ್ಕಳದಲ್ಲಿದ್ದಾಳೆ. ಯಾವ ಬಟ್ಟೆ ಬಣ್ಣ ಬಿಡುತ್ತದೆಂದು ಗಿರಾಕಿಗಳಿಗೆ ನಿಜ ಹೇಳಿ ಗಂಡನ ವ್ಯಾಪಾರ ಕೆಡಿಸುತ್ತಿದ್ದಾಳಂತೆ. ಅವಳಿಗೊಂದು ಕಾಗದ ಹಾಕು, ಬುದ್ಧಿ ಹೇಳದೆ. ಅಲ್ಲಾಹನು ನಿನ್ನನ್ನು ಆರೋಗ್ಯದಲ್ಲಿಡಲಿ.

ಇತಿ ನಿನ್ನ ಮಾವ,
ಅಬ್ಬಾಸ್

ತಾ.ಕ.: ನಿನ್ನ ಬಾಪ ಒಳ್ಳೆಯ ಮನುಷ್ಯ, ಇದು ಅವರ ಮೇಲಿನ ದೂರಲ್ಲ. ನಲವತ್ತೈದು ವರ್ಷದ ಹಿಂದೆ ಅವರೊಂದಿಗಿನ ನಿಕಾಹ್‌ಗೂ ನಾನೇ ವಲಿ. ಹದಿನಾರರ ಆಸ್ಯಾಳನ್ನು ಕೇಳಿ ಬರಲು ಒಳಗೆ ಹೋದವನು ನಾನು. ಹೊರಗೆ ಬಂದು "ಸುಮ್ಮನಿದ್ದಾಳೆ" ಎಂದೆ. ಅವಳು ಸುಮ್ಮನಿರಲಿಲ್ಲ, ಜಮಾಲ್. "ಬೇಡ ಅಣ್ಣಾ" ಎಂದಿದ್ದಳು.